ಸರ್ಪಗಂಧವೂ ರಕ್ತದ ಒತ್ತಡವೂ ವಿಷಾದವೂ

ವಿಷಾದರೋಗಕ್ಕೆ ಕೊಡುವ ಔಷಧವು ರಕ್ತದ ಒತ್ತಡವನ್ನು ಏರಿಳಿಸಬಲ್ಲದೆಂಬ ವಿಚಾರವು ಕೇವಲ ಪಾಶ್ಚಾತ್ಯ ಪ್ರಯೋಗಶಾಲೆಗಳಲ್ಲಿ ಹುಟ್ಟಿದುದೆಂಬ ಭಾವನೆ ರೂಢವಾಗಿದೆ. ಅದರ ಒಂದು ಮೂಲವು ಕರ್ಣಾಟಕದ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರಿನಲ್ಲಿದೆಯೆಂಬುದನ್ನು ಬಲ್ಲವರು ವಿರಳ.

ನಿಘಂಟುಗಳಲ್ಲಿ ನಾಕುಲೀ, ಸರ್ಪಗಂಧಾ ಎಂಬ ಹೆಸರುಗಳುಂಟು. ಅವು ಈಗಿನ ಈ ಗಿಡವನ್ನೇ ಹೇಳುತ್ತವೆಯೇ ಎಂಬಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ಆದಕಾರಣ ರಕ್ತದೊತ್ತಡದ ಚಿಕಿತ್ಸೆಯನ್ನು ಚರಕನಿಗೆ ಆರೋಪಿಸುವುದು ಅಭಿಮಾನವೇ ಹೊರತು ಪ್ರಮಾಣವಲ್ಲ. ತೋಳಿಗೆ ಪಟ್ಟಿ ಕಟ್ಟಿ ಒತ್ತಡವನ್ನಳೆಯುವ ಉಪಕರಣವನ್ನು ಇಟಲಿಯ ರೀವಾ-ರೋಚಿ ಪ್ರಕಟಿಸಿದುದೇ 1896ರಲ್ಲಿ. ಉನ್ಮಾದಕ್ಕೂ ನಿದ್ರಾನಾಶಕ್ಕೂ ಹಾವಿನ ವಿಷಕ್ಕೂ ನಾಟಿ ವೈದ್ಯರು ಈ ಬೇರನ್ನು ಕೊಡುತ್ತಿದ್ದರೆಂಬುದು ಮಾತ್ರ ನಿಶ್ಚಯ.

1931ರಲ್ಲಿ ಕಲ್ಕತ್ತೆಯ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಇದು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ಒಟ್ಟಿಗೆ ತಗ್ಗಿಸುವುದೆಂದು ಬರೆದರು. ಒಂದೇ ಬೇರು ಚಿತ್ತವನ್ನೂ ನಾಡಿಯನ್ನೂ ಹಿಡಿಯುವುದೆಂಬ ಈ ಮಾತೇ ಮುಂದಿನದಕ್ಕೆಲ್ಲ ಬೀಜವಾಯಿತು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರು 50 ರೋಗಿಗಳ ವೃತ್ತಾಂತವನ್ನು ಆಂಗ್ಲ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯವರು ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ನೆಲೆಯಾದ 1954ರ ವೇಳೆಗೆ ಆ ಸಾರವು ಪರದೇಶಗಳ ಮಾನಸಿಕ ಆಸ್ಪತ್ರೆಗಳನ್ನು ಹೊಕ್ಕಿದ್ದಿತು.

ಅಷ್ಟರಲ್ಲಿಯೇ ವಿಪರೀತವೊಂದು ಕಂಡುಬಂದಿತು. ಒತ್ತಡವಿಳಿದ ರೋಗಿಗಳಲ್ಲಿ ಕೆಲವರು ಖಿನ್ನರಾದರು. ನರಗಳ ತುದಿಗಳಲ್ಲಿ ಸಂಗ್ರಹವಾಗಿರುವ ನಾರ್‌ಅಡ್ರಿನಲಿನ್, ಸೆರೊಟೋನಿನ್ ಮೊದಲಾದ ದ್ರವ್ಯಗಳನ್ನು ರಿಸರ್ಪಿನ್ ಬರಿದುಮಾಡುವುದೆಂದು ತಿಳಿಯಿತು. ನಾರ್‌ಅಡ್ರಿನಲಿನ್ ಕುಂದಿದರೆ ರಕ್ತನಾಳಗಳು ಸಡಿಲಗೊಂಡು ಒತ್ತಡವಿಳಿಯುವುದು; ಮಿದುಳಿನಲ್ಲಿ ಅದೇ ಕುಂದು ವಿಷಾದಕ್ಕೆ ಕಾರಣವೆಂದು ತರ್ಕಿಸಲಾಯಿತು. ಮಂಪರನ್ನೇ ವಿಷಾದವೆಂದೆಣಿಸಿದ ಪ್ರಸಂಗಗಳೂ ಇದ್ದಿರಬೇಕೆಂಬ ಆಕ್ಷೇಪವು ಅನಂತರ ಹುಟ್ಟಿತು, ಅದು ಅಲ್ಲಗಳೆಯತಕ್ಕದ್ದಲ್ಲ.

ಹಾಗಾದರೆ ಆ ದ್ರವ್ಯಗಳನ್ನು ಹೆಚ್ಚಿಸುವ ಔಷಧವು ಒತ್ತಡವನ್ನು ಏರಿಸಬೇಕಷ್ಟೆ? ದೇಹವು ಅಷ್ಟು ಸರಳವಾದ ಶಾಸ್ತ್ರವಲ್ಲ. ಕ್ಷಯಕ್ಕೆಂದು ಕೊಟ್ಟು, 1957ರಲ್ಲಿ ವಿಷಾದಕ್ಕೂ ಹಿತವೆಂದು ಪ್ರಕಟವಾದ ಇಪ್ರೋನಿಯಜಿಡ್ ಮತ್ತು ಅದರ ವರ್ಗದವು ರೋಗಿಯು ಎದ್ದು ನಿಂತಾಗ ಒತ್ತಡವನ್ನು ಇಳಿಸುತ್ತಿದ್ದುವು. ಆದರೆ ಹಳೆಯ ಚೀಸನ್ನು ತಿಂದರೆ ಅದೇ ರೋಗಿಗೆ ಒತ್ತಡವು ಪ್ರಾಣಾಂತಿಕವಾಗಿ ಏರುತ್ತಿದ್ದಿತು. 1963ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ವೆಲ್ ಇದನ್ನು ಗುರುತಿಸಿದನು. ಚೀಸಿನಲ್ಲಿನ ಟೈರಮಿನ್ ಎಂಬ ದ್ರವ್ಯವು ಅರಗದೆ ರಕ್ತವನ್ನು ಸೇರುವುದೇ ಇದಕ್ಕೆ ಹೇತು. ಸ್ವಿಟ್ಜರ್ಲೆಂಡಿನ ಕೂನ್ 1957ರಲ್ಲಿ ವರ್ಣಿಸಿದ ಇಮಿಪ್ರಮಿನ್ ವೃದ್ಧರನ್ನು ಎದ್ದೊಡನೆ ತಲೆಸುತ್ತಿ ಬೀಳಿಸಬಲ್ಲದು. 1993ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವೆನ್ಲಫ್ಯಾಕ್ಸಿನ್ ಮಾತ್ರ ಮೊದಲಿನ ತರ್ಕಕ್ಕೆ ಹೊಂದುತ್ತದೆ: ಮಾತ್ರೆ ಹೆಚ್ಚಿದಂತೆ, ವಿಶೇಷವಾಗಿ ದಿನಕ್ಕೆ 300 ಮಿಲಿಗ್ರಾಂ ಮೀರಿದಾಗ, ಒತ್ತಡವೇರುವ ಸಂಭವವೂ ಹೆಚ್ಚು.

ಇಂದು ಬ್ರೂಕ್‌ಫೀಲ್ಡಿನಂಥ ಬಡಾವಣೆಯ ಔಷಧದಂಗಡಿಯಲ್ಲಿ ವಿಷಾದದ ಗುಳಿಗೆಯೂ ಒತ್ತಡದ ಗುಳಿಗೆಯೂ ಒಂದೇ ಚೀಟಿಗೆ ದೊರೆಯಬಹುದು. ವೈದ್ಯನು ಎರಡನ್ನೂ ಅರಿತು ಒತ್ತಡವನ್ನು ಅಳೆಯುತ್ತಿದ್ದರೆ ಭಯವಿಲ್ಲ. ರೋಗಿಯು ತಾನಾಗಿ ಗುಳಿಗೆಯನ್ನು ನಿಲ್ಲಿಸುವುದೂ ಅಪಾಯವೇ. ಮೂಲಿಕೆಯಾದುದರಿಂದ ನಿರಪಾಯವೆಂದು ಬಗೆದು ವೈದ್ಯನಿಗೆ ತಿಳಿಸದೆ ಸರ್ಪಗಂಧದ ಚೂರ್ಣವನ್ನು ಸೇವಿಸುವುದು ಇನ್ನೂ ಕೆಟ್ಟದು. ವಿಷಾದದ ಪೂರ್ವವೃತ್ತಾಂತವುಳ್ಳವರಿಗೆ ರಿಸರ್ಪಿನ್ ಕೊಡತಕ್ಕದ್ದಲ್ಲವೆಂಬುದು ವೈದ್ಯಗ್ರಂಥಗಳ ನಿಷೇಧ. ಚೂರ್ಣದಲ್ಲಿರುವುದೂ ಅದೇ ಸಾರ.