ಪಕ್ಕವಾದ್ಯವಾದ ಪೆಡಲ್ ಸ್ಟೀಲ್: ಫ್ಲೈಯಿಂಗ್ ಬರೀಟೋ ಬ್ರದರ್ಸ್ ತಂಡದ ಎರಡು ಆಲ್ಬಂಗಳು

ಲಾಸ್ ಏಂಜಲೀಸ್‌ನ ಕಂಟ್ರಿ ರಾಕ್ ತಂಡ ಫ್ಲೈಯಿಂಗ್ ಬರೀಟೋ ಬ್ರದರ್ಸ್‌ನ ಎರಡನೆಯ ಆಲ್ಬಂ ‘ಬರೀಟೋ ಡಿಲಕ್ಸ್’ (1970), ಮೊದಲಿನ ‘ದ ಗಿಲ್ಡೆಡ್ ಪ್ಯಾಲೇಸ್ ಆಫ್ ಸಿನ್’ (1969) ಎದುರು ಸಪ್ಪೆ ಎನ್ನುವ ಮಾತು ಹಳೆಯದು. ಅದಕ್ಕೆ ಕಾರಣವಾಗಿ ಎಲ್ಲರೂ ಬೊಟ್ಟು ಮಾಡುವುದು ಗಾಯಕ ಗ್ರಾಮ್ ಪಾರ್ಸನ್ಸ್ ಅವರತ್ತ: ಮಾದಕವಸ್ತುಗಳ ಚಟ, ರೋಲಿಂಗ್ ಸ್ಟೋನ್ಸ್ ತಂಡದವರ ಸಹವಾಸ, ತಮ್ಮದೇ ತಂಡದ ಬಗೆಗಿನ ಉದಾಸೀನ. ತಂಡವನ್ನು ಜೊತೆಗೂಡಿ ಕಟ್ಟಿದ ಕ್ರಿಸ್ ಹಿಲ್‌ಮನ್ ಅವರ ದೂರೂ ಇದೇ. ದೂರು ಸುಳ್ಳಲ್ಲ. ಆದರೆ ವ್ಯಕ್ತಿಯ ಕತೆಯೇ ಮುಂದಾದಾಗ ಮೇಳದೊಳಗೆ ನಡೆದದ್ದು ಕಿವಿಗೆ ಬೀಳುವುದಿಲ್ಲ.

ಮೊದಲ ಆಲ್ಬಂ ಮುದ್ರಣವಾದಾಗ ತಂಡದಲ್ಲಿ ಕಾಯಂ ಡ್ರಮ್ಮರ್ ಇರಲಿಲ್ಲ. ಮುಂದೆ ನಿಂತು ನುಡಿಸುವ ಗಿಟಾರ್ ವಾದಕರೂ ಇರಲಿಲ್ಲ. ಆ ಜಾಗವನ್ನು ತುಂಬಿದ್ದು ‘ಸ್ನೀಕಿ’ ಪೀಟ್ ಕ್ಲೈನೋ ಅವರ ಪೆಡಲ್ ಸ್ಟೀಲ್, ಅಂದರೆ ಅಡ್ಡಲಾಗಿಟ್ಟು ಪೆಡಲ್ ತುಳಿದು ಸ್ವರ ಬಾಗಿಸುವ ಗಿಟಾರ್. ನ್ಯಾಶ್‌ವಿಲ್‌ನ ಕಂಟ್ರಿ ಹಾಡುಗಳಲ್ಲಿ ಸಾಲು ಮುಗಿದ ಮೇಲೆ ಮೆಲ್ಲಗೆ ನರಳುವುದು ಈ ವಾದ್ಯದ ವಾಡಿಕೆಯ ಕೆಲಸ. ಕ್ಲೈನೋ ಅದಕ್ಕೆ ನಾದವನ್ನು ಒರಟಾಗಿಸುವ ಫಝ್ ಕೊಟ್ಟು ರಾಕ್ ಗಿಟಾರಿನಂತೆ ಗುಡುಗಿಸಿದರು; ‘ಹಾಟ್ ಬರೀಟೋ’ ಜೋಡಿಯ ಎರಡನೆಯ ಹಾಡು ಕೇಳಿದರೆ ಸಾಕು. (ಇದೇ ಮನುಷ್ಯ ‘ಗಂಬಿ’ ಎಂಬ ಮಣ್ಣಿನ ಬೊಂಬೆಯ ಟಿವಿ ಸರಣಿಗೂ ದುಡಿದವರು, ನ್ಯಾಶ್‌ವಿಲ್‌ನ ಕಟ್ಟಳೆ ಅವರಿಗೆ ಅಂಟಿರಲಿಲ್ಲ.) ಆ ಜೋಡಿ ಹಾಡುಗಳನ್ನು ಪಾರ್ಸನ್ಸ್ ಜೊತೆ ಬರೆದವರು ಮಿಸಿಸಿಪಿಯ ಮೆರಿಡಿಯನ್ ಊರಿನ ಬಾಸ್ ವಾದಕ ಕ್ರಿಸ್ ಎಥ್ರಿಜ್. ಡ್ಯಾನ್ ಪೆನ್ ಮತ್ತು ಚಿಪ್ಸ್ ಮೋಮನ್ ರಚಿಸಿದ, ಕಪ್ಪು ಅಮೆರಿಕನ್ನರ ಸೋಲ್ ಶೈಲಿಯ ಎರಡು ಗೀತೆಗಳೂ ಇಲ್ಲಿವೆ. ಅವುಗಳಲ್ಲಿ ಅರೀಥಾ ಫ್ರಾಂಕ್ಲಿನ್ ಹಾಡಿದ್ದನ್ನು ಬಿಳಿಯ ಹುಡುಗರು ಕಂಟ್ರಿ ಧಾಟಿಯಲ್ಲಿ ಹಾಡಿದ್ದು ಅಂದಿನ ಮಟ್ಟಿಗೆ ಸಣ್ಣ ಧೈರ್ಯವಲ್ಲ.

ಮರುವರ್ಷಕ್ಕೆ ಎಥ್ರಿಜ್ ತಂಡದಲ್ಲಿಲ್ಲ. ಹಿಲ್‌ಮನ್ ತಮ್ಮ ಹಿಂದಿನ ಬರ್ಡ್ಸ್ ತಂಡದಲ್ಲಿ ನುಡಿಸುತ್ತಿದ್ದ ಬಾಸ್‌ಗೆ ಮರಳಿದರು, ಆ ತಂಡದ ಹಳೆಯ ಜೊತೆಗಾರ ಮೈಕೆಲ್ ಕ್ಲಾರ್ಕ್ ಡ್ರಮ್ಸ್‌ಗೆ ಕೂತರು, ಗಿಟಾರ್ ಹಿಡಿದು ಬರ್ನಿ ಲೆಡನ್ ಬಂದರು. ವಾದನ ಬಿಗಿಯಾಯಿತು, ಲಯ ಚುರುಕಾಯಿತು. ಕುಶಲತೆಯ ದೃಷ್ಟಿಯಿಂದ ಇದೇ ಮೇಲಾದ ಮೇಳ. ಕೆಟ್ಟದ್ದೂ ಅಲ್ಲೇ ಎಂದು ನನ್ನ ವಾದ. ಲೆಡನ್ ಗಿಟಾರ್ ನಡುವಿಗೆ ಬಂದೊಡನೆ ಪೆಡಲ್ ಸ್ಟೀಲ್ ಪಕ್ಕವಾದ್ಯವಾಯಿತು. ಕೊರತೆಯಿಂದ ಹುಟ್ಟಿದ್ದ ಆ ಉದ್ಧಟ ನಾದ ಕೊರತೆ ನೀಗಿದ್ದರಿಂದಲೇ ಅಡಗಿತು. ಸೋಲ್ ಗೀತೆಗಳಿಗೂ ಜಾಗ ಉಳಿಯಲಿಲ್ಲ. ಬಾಬ್ ಡಿಲನ್, ಹಾರ್ಲನ್ ಹೋವರ್ಡ್, ಒಂದು ಹಳೆಯ ಭಜನೆ ಎಲ್ಲವೂ ಸರಾಗವಾಗಿ ಸಾಗುತ್ತವೆ; ಯಾವುದೂ ಯಾವುದಕ್ಕೂ ಢಿಕ್ಕಿ ಹೊಡೆಯುವುದಿಲ್ಲ.

ಕೊನೆಯ ಹಾಡು ‘ವೈಲ್ಡ್ ಹಾರ್ಸಸ್’ ಮಾತ್ರ ಬೇರೆ. ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ರಚಿಸಿದ ಇದು ಸ್ಟೋನ್ಸ್ ಆಲ್ಬಂನಲ್ಲಿ ಬಂದದ್ದು 1971ರಲ್ಲಿ, ಅಂದರೆ ಬರೀಟೋಗಳ ನಂತರ. ಹೊರಗಿನಿಂದ ಬಂದ ಲಿಯಾನ್ ರಸೆಲ್ ಪಿಯಾನೋಗೆ ಕೂತಿದ್ದಾರೆ, ಓಟ ತಗ್ಗಿದೆ, ಪಾರ್ಸನ್ಸ್ ಅವರ ಬಿರುಕುದನಿಗೆ ಉಸಿರಾಡಲು ಎಡೆ ಸಿಕ್ಕಿದೆ. ಮನಸ್ಸಿಲ್ಲದ ಗಾಯಕನ ಹಾಡು ಇದೆಂದು ನಂಬುವುದು ಕಷ್ಟ.

ಮಾರಾಟ ಇಲ್ಲಿ ಅಳತೆಗೋಲಾಗದು: ಮೊದಲನೆಯದು ಬಿಲ್‌ಬೋರ್ಡ್ ಪಟ್ಟಿಯಲ್ಲಿ 164ನೇ ಸ್ಥಾನ ದಾಟಲಿಲ್ಲ, ಎರಡನೆಯದು ಪಟ್ಟಿಗೇ ಬರಲಿಲ್ಲ. ಪಾರ್ಸನ್ಸ್ 1970ರಲ್ಲೇ ತಂಡದಿಂದ ಹೊರಬಿದ್ದರು. ಲೆಡನ್ ಮರುವರ್ಷ ಈಗಲ್ಸ್ ಕಟ್ಟಿದವರಲ್ಲಿ ಒಬ್ಬರಾದರು. ಎಪ್ಪತ್ತರ ದಶಕದಲ್ಲಿ ಆ ತಂಡ ಕೋಟಿಗಟ್ಟಲೆ ಮಾರಿದ ನಯವಾದ, ಬಿಗಿಯಾದ ಕ್ಯಾಲಿಫೋರ್ನಿಯಾ ನಾದಕ್ಕೆ ‘ಗಿಲ್ಡೆಡ್ ಪ್ಯಾಲೇಸ್’ಗಿಂತ ಹತ್ತಿರದ ನೆಂಟ ಈ ಕಡೆಗಣಿತ ‘ಡಿಲಕ್ಸ್’.