ಚಳಿಗಾಲದ ಕಾಡಿನಲ್ಲಿ ಜೋಲಿಯ ನಿದ್ರೆ: ಬೆಚ್ಚಗಿರುವ ಬಗೆ

ದೆಹಲಿಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬಗಳಿಗೆ ಚಳಿಗಾಲವೆಂದರೆ ರಜಾಯಿ, ಹುರಿದ ಕಡಲೆಕಾಯಿ ಮತ್ತು ಮಂಜು ಮುಸುಕಿದ ಬೆಳಗು. ನಮ್ಮ ಮಕ್ಕಳಿಗೆ ಇಷ್ಟು ಸಾಲದು. ಡಿಸೆಂಬರ್ ರಜೆ ಬಂದೊಡನೆ ಅವರು ಬೆನ್ನಿಗೆ ಚೀಲವೇರಿಸಿ ಉತ್ತರಾಖಂಡದ ಬೆಟ್ಟಗಳತ್ತ ಹೊರಡುತ್ತಾರೆ. ಈಚಿನ ವರ್ಷಗಳಲ್ಲಿ ಆ ಚೀಲದೊಳಗೆ ಡೇರೆಯ ಬದಲು ಹ್ಯಾಮಕ್ ಕಾಣಿಸಿಕೊಳ್ಳುತ್ತಿದೆ. ಎರಡು ಮರಗಳ ನಡುವೆ ಕಟ್ಟಿ ಮಲಗುವ ನೈಲಾನ್ ಬಟ್ಟೆಯ ಈ ಸಾಧನವನ್ನು ನಾವು ಇಲ್ಲಿ ನಮ್ಮದೇ ಮಾತಿನಲ್ಲಿ ಜೋಲಿ ಎಂದು ಕರೆಯೋಣ. ಹಗುರ, ಅಗ್ಗ, ಕಟ್ಟುವುದೂ ಸುಲಭ. ಆದರೆ ಚಳಿಯಲ್ಲಿ ಅದರಷ್ಟು ಮೋಸಮಾಡುವ ಹಾಸಿಗೆ ಇನ್ನೊಂದಿಲ್ಲ. ಅದನ್ನು ನಾವು ಅನುಭವದಿಂದಲೇ ಕಲಿತೆವು.

2019ರ ಡಿಸೆಂಬರ್ ಕೊನೆಯ ವಾರ. ಆ ವರ್ಷದ ಚಳಿಯನ್ನು ದೆಹಲಿಯವರು ಮರೆತಿರಲಾರರು. ನಾವು ನಾಲ್ಕು ಕುಟುಂಬದವರು ಕುಮಾವೂಂ ಬೆಟ್ಟಗಳ ಮುಕ್ತೇಶ್ವರದ ಸಮೀಪ, ಪರಿಚಿತರೊಬ್ಬರ ಹಣ್ಣಿನ ತೋಟದ ಮನೆಯಲ್ಲಿ ತಂಗಿದ್ದೆವು. ಹುಡುಗರು ಮಾತ್ರ ತೋಟದಂಚಿನ ಮರಗಳಿಗೆ ಜೋಲಿ ಕಟ್ಟಿ ಹೊರಗೇ ಮಲಗುವುದಾಗಿ ಹಟ ಹಿಡಿದರು. ರಾತ್ರಿ ಎರಡರ ಹೊತ್ತಿಗೆ ಅವರಲ್ಲೊಬ್ಬ ಎದ್ದು ಕುಳಿತು, “ಅಂಕಲ್, ಬೆನ್ನು ಮರಗಟ್ಟಿದೆ” ಎಂದ. ಅವನ ಬಳಿ ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಇತ್ತು, ಮೈಮೇಲೆ ಎರಡು ಸ್ವೆಟರ್‌ಗಳಿದ್ದವು. ನಾವು ಇನ್ನೊಂದು ರಜಾಯಿ ತಂದು ಮೇಲೆ ಹೊದಿಸಿದೆವು. ಫಲವಾಗಲಿಲ್ಲ. ಮೂರು ಗಂಟೆಗೆ ಅವನ ಮಾತು ತೊದಲತೊಡಗಿತು, ಚೀಲದ ಜಿಪ್ ಎಳೆಯಲು ಬೆರಳು ಬಾಗುತ್ತಿರಲಿಲ್ಲ. ಅಷ್ಟರಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರು ಶಾಲು ಹೊದ್ದು ಹೊರಬಂದು ನಮ್ಮನ್ನು ಗದರಿಕೊಂಡರು: “ಮ್ಯಾಲ ಎಷ್ಟ್ ಹೊದಿಸಿದ್ರೇನ್ರಿ? ಜೋಲ್ಯಾಗ ಕೂಸಿನ್ನ ಮಲಗಿಸೋಮುಂದ ಕೆಳಗ ಕೌದಿ ಹಾಕೂದಿಲ್ಲೇನು?”

ಹುಡುಗನನ್ನು ಮನೆಯೊಳಗೆ ಕರೆದೊಯ್ದು ಒಣಬಟ್ಟೆ ತೊಡಿಸಿ, ಬಿಸಿಹಾಲು ಕುಡಿಸಿ, ಅವನು ಸರಿಹೋಗುವವರೆಗೆ ಬಳಿಯಲ್ಲಿ ಕುಳಿತೆವು. ಮನೆ ಹತ್ತಿರದಲ್ಲಿಲ್ಲದಿದ್ದರೆ ಏನಾಗುತ್ತಿತ್ತೆಂದು ಊಹಿಸಲು ಇಂದಿಗೂ ಮನಸ್ಸಾಗುವುದಿಲ್ಲ. ಆ ಹಿರಿಯರ ಮಾತಿನಲ್ಲೇ ಈ ವಿಷಯದ ಸಾರವೆಲ್ಲ ಅಡಗಿದೆ: ಜೋಲಿಯಲ್ಲಿ ಚಳಿ ಬರುವುದು ಮೇಲಿನಿಂದಲ್ಲ, ಕೆಳಗಿನಿಂದ.

ಸೆಕೆಯ ನಾಡಿನ ಹಾಸಿಗೆ

ಜೋಲಿಯ ಮೂಲ ತಿಳಿದರೆ ಅದರ ಗುಣವೂ ತಿಳಿಯುತ್ತದೆ. ಹ್ಯಾಮಕ್ ಎಂಬ ಪದ ಕೆರಿಬಿಯನ್ ದ್ವೀಪಗಳ ತೈನೋ ಜನರ ಭಾಷೆಯಿಂದ ಬಂದದ್ದು. 1492ರಲ್ಲಿ ಅಲ್ಲಿಗೆ ಹೋದ ಕೊಲಂಬಸ್ ಸ್ಥಳೀಯರು ಇಂಥ ಬಲೆಗಳಲ್ಲಿ ಮಲಗುವುದನ್ನು ಕಂಡನು. ಸೆಕೆ, ತೇವ ಮತ್ತು ಹುಳುಹುಪ್ಪಟೆಗಳ ಆ ನಾಡಿನಲ್ಲಿ ನೆಲದಿಂದ ಮೇಲೆದ್ದು, ಮೈಸುತ್ತ ಗಾಳಿಯಾಡುವಂತೆ ಮಲಗುವುದೇ ಅದರ ಉದ್ದೇಶ. ಮುಂದೆ ಯುರೋಪಿನ ನೌಕಾಪಡೆಗಳು ಅದನ್ನು ಹಡಗಿಗೆ ತಂದವು. ಬ್ರಿಟಿಷ್ ಯುದ್ಧನೌಕೆಗಳಲ್ಲಿ ನಾವಿಕನೊಬ್ಬನಿಗೆ ಜೋಲಿ ಕಟ್ಟಲು ಸಿಗುತ್ತಿದ್ದ ಅಗಲ ಕೇವಲ 14 ಇಂಚು. ಆದರೂ ಆ ನಾವಿಕರು ಕ್ಯಾನ್ವಾಸ್ ಜೋಲಿಯೊಳಗೆ ತೆಳುವಾದ ಹಾಸಿಗೆಯೊಂದನ್ನು ಹಾಸಿಕೊಳ್ಳುತ್ತಿದ್ದರು. ತಂಪು ನೀಡಲೆಂದೇ ಹುಟ್ಟಿದ ವಸ್ತುವಿನಿಂದ ಬಿಸಿ ಬಯಸುವವರು ಅದರ ಸ್ವಭಾವಕ್ಕೆ ವಿರುದ್ಧವಾಗಿ ಏನಾದರೂ ಏರ್ಪಾಡು ಮಾಡಿಕೊಳ್ಳಲೇಬೇಕು.

ಬೆನ್ನಿಗೇ ಏಕೆ ಚಳಿ?

ಸ್ಲೀಪಿಂಗ್ ಬ್ಯಾಗ್ ಆಗಲಿ ಕಂಬಳಿಯಾಗಲಿ ತಾನಾಗಿ ಬಿಸಿಯನ್ನು ಉತ್ಪಾದಿಸುವುದಿಲ್ಲ. ನಿದ್ರಿಸುತ್ತಿರುವ ವಯಸ್ಕನ ದೇಹವು ಸುಮಾರು 70ರಿಂದ 80 ವಾಟ್ ಶಾಖವನ್ನು ಹೊರಸೂಸುತ್ತದೆ. ಹಳೆಯ ಕಾಲದ ಒಂದು ಬಲ್ಬಿನಷ್ಟು ಎನ್ನಬಹುದು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಮಾ ಆಗುವುದು ಇಷ್ಟೇ, ಖರ್ಚನ್ನು ಕಡಿಮೆ ಮಾಡುವುದಷ್ಟೇ ಹೊದಿಕೆಯ ಕೆಲಸ. ಹತ್ತಿ, ಉಣ್ಣೆ ಅಥವಾ ಗರಿಗಳ ನಡುವೆ ಸಿಲುಕಿದ ನಿಶ್ಚಲವಾದ ಗಾಳಿಯೇ ನಿಜವಾದ ಹೊದಿಕೆ.

ಜೋಲಿಯಲ್ಲಿ ಮಲಗಿದಾಗ ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಕೆಳಭಾಗವು ಚಪ್ಪಟೆಯಾಗಿ, ಅದರೊಳಗಿನ ಗಾಳಿ ಹೊರಹೋಗುತ್ತದೆ. ಬೆನ್ನಿಗೂ ಹೊರಗಿನ ಚಳಿಗೂ ನಡುವೆ ಉಳಿಯುವುದು ಎರಡು ಮೂರು ಪದರ ಬಟ್ಟೆ ಮಾತ್ರ. ಕೆಳಗಿನಿಂದ ಬೀಸುವ ಗಾಳಿಯು ಅಲ್ಲಿ ಸೇರಿದ ಶಾಖವನ್ನು ಎಡೆಬಿಡದೆ ಹೊತ್ತೊಯ್ಯುತ್ತದೆ. ನೆಲದ ಮೇಲೆ ಮಲಗಿದವನಿಗೆ ಕೆಳಗಿನಿಂದ ಗಾಳಿಯ ಕಾಟವಾದರೂ ಇರುವುದಿಲ್ಲ. ಆದ್ದರಿಂದ ತಾಪಮಾನ ಸೊನ್ನೆಗೆ ಇಳಿಯುವುದು ಬೇಡ, 15 ಡಿಗ್ರಿಯ ರಾತ್ರಿಯಲ್ಲಿಯೇ ಬರಿಯ ಜೋಲಿಯಲ್ಲಿ ಮಲಗಿದವರ ಬೆನ್ನು, ಸೊಂಟ ತಣ್ಣಗಾಗತೊಡಗುತ್ತದೆ.

ಕೆಳಗಿನ ರಕ್ಷಣೆ: ಎರಡು ಮಾರ್ಗಗಳು

ಮೊದಲನೆಯದು ಅಂಡರ್‌ಕ್ವಿಲ್ಟ್, ಎಂದರೆ ಅಡಿಹೊದಿಕೆ. ಇದನ್ನು ಜೋಲಿಯ ಒಳಗೆ ಹಾಸದೆ ಹೊರಗೆ, ಜೋಲಿಯ ಹೊಟ್ಟೆಗೆ ಅಂಟಿದಂತೆ ಎಳೆದಾರಗಳಿಂದ ತೂಗುಹಾಕುತ್ತಾರೆ. ಮೈಭಾರ ಇದರ ಮೇಲೆ ಬೀಳದ ಕಾರಣ ಇದು ಚಪ್ಪಟೆಯಾಗುವುದಿಲ್ಲ. ಕಟ್ಟುವಾಗ ಎರಡು ತಪ್ಪುಗಳಾಗುತ್ತವೆ. ಸಡಿಲವಾಗಿ ಕಟ್ಟಿದರೆ ಜೋಲಿಗೂ ಹೊದಿಕೆಗೂ ನಡುವೆ ತೆರಪು ಉಂಟಾಗಿ ಚಳಿಗಾಳಿ ನುಗ್ಗುತ್ತದೆ. ಬಿಗಿಯಾಗಿ ಎಳೆದರೆ ಒಳಗಿನ ತುಂಬು ಅದುಮಿ ಬಿಸಿ ಹೋಗುತ್ತದೆ. ಒಬ್ಬರು ಜೋಲಿಯಲ್ಲಿ ಮಲಗಿ, ಇನ್ನೊಬ್ಬರು ಕೆಳಗಿನಿಂದ ಅಂಗೈ ತೂರಿಸಿ ಪರೀಕ್ಷಿಸುವುದು ಉತ್ತಮ. ಹೊದಿಕೆಯು ಬೆನ್ನನ್ನು ಉದ್ದಕ್ಕೂ ಮೆಲ್ಲನೆ ತಾಗುತ್ತಿರಬೇಕು, ಎರಡು ತುದಿಗಳಲ್ಲಿ ಬಾಯಿ ಮುಚ್ಚಿರಬೇಕು.

ಎರಡನೆಯದು ಫೋಮ್ ಚಾಪೆ. ಇದು ಅಗ್ಗ, ಮಳೆ ಮಂಜಿಗೆ ಕೆಡುವುದಿಲ್ಲ, ಅಗತ್ಯವಾದರೆ ನೆಲದ ಮೇಲೂ ಹಾಸಬಹುದು. ಆದರೆ ಜೋಲಿಯೊಳಗೆ ಅದು ರಾತ್ರಿಯಿಡೀ ಜಾರುತ್ತಿರುತ್ತದೆ. ಎರಡು ಪದರದ ಜೋಲಿಯಾದರೆ ಪದರಗಳ ನಡುವೆ ತೂರಿಸಿಟ್ಟಾಗ ಅಲುಗಾಡುವುದಿಲ್ಲ. ಜೋಲಿಯು ಭುಜಗಳನ್ನು ಎರಡು ಕಡೆಯಿಂದಲೂ ಅಪ್ಪಿಕೊಳ್ಳುವುದರಿಂದ ಚಾಪೆಯ ಅಗಲ ಅಲ್ಲಿಗೆ ಸಾಲದೆ ಹೋಗುತ್ತದೆ, ಭುಜದ ಬಳಿ ಅಡ್ಡಲಾಗಿ ಇನ್ನೊಂದು ತುಂಡು ಇಡಬೇಕು. ಚಾಪೆಗಳ ಶಾಖನಿರೋಧವನ್ನು ಆರ್ ಮೌಲ್ಯವೆಂಬ ಅಂಕಿಯಿಂದ ಸೂಚಿಸುತ್ತಾರೆ. ಸಾಮಾನ್ಯ ಫೋಮ್ ಚಾಪೆಯದು 2ರ ಆಸುಪಾಸು ಇರುತ್ತದೆ. ಹಿಮ ಬೀಳುವ ರಾತ್ರಿಗಳಿಗೆ 4 ಅಥವಾ ಹೆಚ್ಚು ಬೇಕು. ಒಂದರ ಮೇಲೊಂದು ಇಟ್ಟರೆ ಮೌಲ್ಯಗಳು ಕೂಡುತ್ತವೆ ಎಂಬುದು ನೆನಪಿಡತಕ್ಕ ಲೆಕ್ಕ.

ಇವೆರಡೂ ಇಲ್ಲದಿದ್ದರೆ ನಮ್ಮ ನಾಡಿನ ಕುರುಬರ ಕರಿಕಂಬಳಿಯನ್ನು ಮರೆಯಬಾರದು. ಉಣ್ಣೆಯು ಸ್ವಲ್ಪ ತೇವಗೊಂಡರೂ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ಮಲೆನಾಡಿನ ರೈತ ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಗದ್ದೆಗಿಳಿಯುತ್ತಿದ್ದುದು ಈ ಗುಣವನ್ನು ನಂಬಿಯೇ. ಕಂಬಳಿಯ ಎರಡು ತುದಿಗಳನ್ನು ಹಗ್ಗದಿಂದ ಸುತ್ತಿ ಜೋಲಿಯ ಕೆಳಗೆ ಅದರ ಆಕಾರದಲ್ಲೇ ತೂಗುಹಾಕಿದರೆ ಸಾಧಾರಣವಾದ ಅಡಿಹೊದಿಕೆಯಾಗುತ್ತದೆ. ಭಾರ ಹೆಚ್ಚು, ಆದ್ದರಿಂದ ಬೆನ್ನಿನ ಮೇಲೆ ಹೊತ್ತು ದೂರ ನಡೆಯುವವರಿಗೆ ಒಗ್ಗದು. ಕಾರಿನಲ್ಲಿ ಹೋಗುವ ಕುಟುಂಬಗಳಿಗೆ ಅಡ್ಡಿಯಿಲ್ಲ.

ಸ್ಲೀಪಿಂಗ್ ಬ್ಯಾಗಿನ ಅಂಕಿಗಳು

ಬ್ಯಾಗಿನ ಮೇಲೆ ಬರೆದ ತಾಪಮಾನವನ್ನು ನೋಡಿ ಮೋಸಹೋಗುವವರೇ ಹೆಚ್ಚು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷಿಸಿದ ಬ್ಯಾಗಿನ ಮೇಲೆ ಒಂದಕ್ಕಿಂತ ಹೆಚ್ಚು ಅಂಕಿಗಳಿರುತ್ತವೆ. ‘ಕಂಫರ್ಟ್’ ಎಂಬುದು ಸಾಮಾನ್ಯ ಮಹಿಳೆಯೊಬ್ಬರು ಆರಾಮವಾಗಿ ಮಲಗಬಹುದಾದ ಮಟ್ಟ. ‘ಲಿಮಿಟ್’ ಎಂಬುದು ಸಾಮಾನ್ಯ ಪುರುಷನು ಮುದುಡಿ ಮಲಗಿ ಹೇಗೋ ರಾತ್ರಿ ಕಳೆಯಬಹುದಾದ ಮಟ್ಟ. ‘ಎಕ್ಸ್‌ಟ್ರೀಮ್’ ಎಂಬುದು ನಿದ್ರೆಗೆ ಸಂಬಂಧಿಸಿದ್ದಲ್ಲ, ಜೀವ ಉಳಿಸಿಕೊಳ್ಳುವುದಕ್ಕೆ ಸಂಬಂಧಿಸಿದ್ದು. ಕೊಳ್ಳುವಾಗ ಮೊದಲನೆಯ ಅಂಕಿಯನ್ನೇ ನೋಡಬೇಕು. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಆ ಪರೀಕ್ಷೆ ನಡೆಯುವಾಗ ಬ್ಯಾಗಿನ ಕೆಳಗೆ ಚಾಪೆ ಇರುತ್ತದೆ. ಅಡಿರಕ್ಷಣೆಯಿಲ್ಲದ ಜೋಲಿಯಲ್ಲಿ ಆ ಅಂಕಿಗಳಿಗೆ ಅರ್ಥವಿಲ್ಲ. ನಮ್ಮ ಹುಡುಗನ ಬ್ಯಾಗ್ ಕೆಟ್ಟದ್ದಾಗಿರಲಿಲ್ಲ, ನಾವು ಬಳಸಿದ ರೀತಿ ಕೆಟ್ಟದ್ದಾಗಿತ್ತು.

ಜಾಗ, ಕಟ್ಟುವ ಬಗೆ, ತಾಡಪಾಲು

ತಣ್ಣನೆಯ ಗಾಳಿ ಭಾರವಾದುದರಿಂದ ರಾತ್ರಿ ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಬೆಟ್ಟದ ನೆತ್ತಿಯಲ್ಲಿ ಬಿರುಗಾಳಿಯ ಕಾಟ. ಇವೆರಡರ ನಡುವಿನ ಇಳಿಜಾರು, ಗಾಳಿಗೆ ಮರೆಯಾದ ಪಕ್ಕ, ದಟ್ಟ ಎಲೆಗಳ ಜೀವಂತ ಮರಗಳ ನೆರಳು, ಇದು ತಕ್ಕ ಜಾಗ. ಮರದ ಚಾವಣಿಯಡಿ ಇಬ್ಬನಿಯೂ ಕಡಿಮೆ. ಒಣಕೊಂಬೆಗಳಿರುವ ಮರದಡಿ ಎಂದೂ ಮಲಗಬಾರದು. ಕಾಡಿನಲ್ಲಾದರೆ ಅರಣ್ಯ ಇಲಾಖೆಯ ಅನುಮತಿ, ಖಾಸಗಿ ತೋಟವಾದರೆ ಒಡೆಯರ ಒಪ್ಪಿಗೆ ಬೇಕು. ಚಿರತೆಯ ಓಡಾಟದ ಬಗ್ಗೆ ಸ್ಥಳೀಯರನ್ನು ಕೇಳಿ, ಅವರು ಬೇಡವೆಂದರೆ ಬಿಟ್ಟುಬಿಡಬೇಕು.

ಹಗ್ಗದ ಬದಲು ಅಗಲವಾದ ಪಟ್ಟಿಯಿಂದ ಕಟ್ಟಿದರೆ ತೊಗಟೆಗೆ ಗಾಯವಾಗದು. ಪಟ್ಟಿಯು ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿರಲಿ. ಆಗ ಜೋಲಿ ತಕ್ಕಷ್ಟು ಬಾಗಿ, ಅದರಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೆ ಬೆನ್ನು ಸಮತಟ್ಟಾಗುತ್ತದೆ, ಅಡಿಹೊದಿಕೆಯೂ ಎಲ್ಲ ಕಡೆ ಸಮನಾಗಿ ತಾಗುತ್ತದೆ. ಕುಳಿತರೆ ಕುರ್ಚಿಯ ಎತ್ತರ ಸಾಕು, ಕಟ್ಟು ಸಡಿಲಿದರೂ ಪೆಟ್ಟಾಗದು.

ಮೇಲಿನ ತಾಡಪಾಲು ಮಳೆಗಷ್ಟೇ ಅಲ್ಲ, ಗಾಳಿಗೂ ಅಡ್ಡಗೋಡೆ. ಚಳಿಗಾಲದಲ್ಲಿ ಅದನ್ನು ತಗ್ಗಾಗಿ ಕಟ್ಟಿ, ಗಾಳಿ ಬೀಸುವ ಪಕ್ಕವನ್ನು ನೆಲದವರೆಗೆ ಇಳಿಸಬೇಕು. ಸುತ್ತಲೂ ಪೂರ್ತಿ ಮುಚ್ಚಿದರೆ ಉಸಿರಿನ ತೇವವೇ ಹನಿಗಟ್ಟಿ ಹೊದಿಕೆ ಒದ್ದೆಯಾಗುತ್ತದೆ.

ಮಲಗುವ ಮುನ್ನ

ಹಗಲು ಬೆವರಿದ ಬಟ್ಟೆಯನ್ನು, ಅದರಲ್ಲೂ ಹತ್ತಿಯ ಬನಿಯನ್ನು ಬದಲಿಸಿ ಒಣಗಿದ್ದನ್ನು ತೊಡಬೇಕು. ಕಾಲಿಗೆ ಉಣ್ಣೆಯ ಕಾಲುಚೀಲ, ತಲೆಗೆ ಟೋಪಿ ಇರಲಿ. ತುಪ್ಪ, ಶೇಂಗಾ, ಬೆಲ್ಲ ಸೇರಿದ ಊಟ ಮಾಡಿದರೆ ದೇಹಕ್ಕೆ ರಾತ್ರಿಯಿಡೀ ಇಂಧನ ದೊರೆಯುತ್ತದೆ. ಮೂತ್ರ ವಿಸರ್ಜಿಸಿಯೇ ಮಲಗಬೇಕು. ಸೋರದ ಬಾಟಲಿಯಲ್ಲಿ ಬಿಸಿನೀರು ತುಂಬಿ, ಕಾಲುಚೀಲದೊಳಗೆ ಹಾಕಿ ತೊಡೆಗಳ ನಡುವೆ ಇಟ್ಟುಕೊಂಡರೆ ಕೆಲವು ಗಂಟೆಗಳ ಹಿತ. ಮೂಗು ಬಾಯಿ ಬ್ಯಾಗಿನ ಹೊರಗಿರಲಿ, ಒಳಗೆ ಉಸಿರಾಡಿದರೆ ತೇವ ತುಂಬುತ್ತದೆ.

ಜೀವಕ್ಕೆ ಎರವಾಗುವ ತಪ್ಪುಗಳು

ಆ ರಾತ್ರಿ ಗಾಬರಿಯಲ್ಲಿ ನಮ್ಮವರೊಬ್ಬರು, ತಾಡಪಾಲನ್ನು ಸುತ್ತಲೂ ಇಳಿಬಿಟ್ಟು ಒಳಗೆ ಅಂಗೀಠಿ ಇಡೋಣವೆಂದರು. ಅಂಗೀಠಿ ಎಂದರೆ ನಮ್ಮ ಅಗ್ಗಿಷ್ಟಿಕೆ. ಅದನ್ನು ಒಳಗೆ ತರದೇ ಹೋದದ್ದು ನಮ್ಮ ಭಾಗ್ಯ. ಉರಿಯುವ ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ ನಿದ್ರೆಯಲ್ಲೇ ಪ್ರಾಣ ತೆಗೆಯುತ್ತದೆ. ಮುಚ್ಚಿದ ಕೋಣೆಯ ಅಂಗೀಠಿಗೆ ಬಲಿಯಾದವರ ಸುದ್ದಿಯನ್ನು ಉತ್ತರ ಭಾರತದ ಪತ್ರಿಕೆಗಳಲ್ಲಿ ಚಳಿಗಾಲ ಬಂದಾಗಲೆಲ್ಲ ಓದುತ್ತೇವೆ. ನೈಲಾನ್ ಬಟ್ಟೆಗೆ ಕಿಡಿ ತಾಗಿದರೆ ಆಗುವ ಅನಾಹುತ ಬೇರೆ.

ಇನ್ನೊಂದು ತಪ್ಪು ಮದ್ಯ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬಿಸಿಯ ಭ್ರಮೆ ಹುಟ್ಟಿಸುತ್ತದೆ. ವಾಸ್ತವದಲ್ಲಿ ದೇಹದೊಳಗಿನ ಶಾಖ ಬೇಗನೆ ಹೊರಹೋಗುತ್ತದೆ.

ದೇಹದ ಒಳತಾಪಮಾನ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಅಪಾಯದ ಸ್ಥಿತಿ. ವಿಪರೀತ ನಡುಕ, ತೊದಲುಮಾತು, ಕೈ ತಡವರಿಕೆ, ಹೆಜ್ಜೆ ತಪ್ಪುವುದು ಇದರ ಲಕ್ಷಣಗಳು. ಮೈ ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಸ್ಥಿತಿ ಸುಧಾರಿಸಿತೆಂದು ಭಾವಿಸಬಾರದು, ಅದು ಬಿಗಡಾಯಿಸಿದ ಗುರುತು. ಕೂಡಲೇ ಗಾಳಿಯಿಲ್ಲದ ಕಡೆಗೆ ಒಯ್ದು, ಒದ್ದೆಬಟ್ಟೆ ತೆಗೆದು, ಮೊದಲು ಎದೆ ಹೊಟ್ಟೆಗಳನ್ನು ಬೆಚ್ಚಗಾಗಿಸಬೇಕು. ಪೂರ್ಣ ಎಚ್ಚರವಿದ್ದು ನುಂಗಬಲ್ಲವರಾದರೆ ಸಿಹಿಯಾದ ಬಿಸಿಪಾನೀಯ ಕೊಡಬಹುದು. ಕೈಕಾಲು ತಿಕ್ಕಬಾರದು. 112ಕ್ಕೆ ಕರೆಮಾಡಿ ವೈದ್ಯರ ನೆರವು ಪಡೆಯಬೇಕು.

ಕೊನೆಯದಾಗಿ

ನಮ್ಮ ಮಕ್ಕಳು ಕಾಡುಬೆಟ್ಟ ಸುತ್ತುವುದನ್ನು ನಾವು ತಡೆಯುವುದಿಲ್ಲ, ತಡೆಯಲೂಬಾರದು. ಆದರೆ ಮೊದಲ ಚಳಿರಾತ್ರಿಯನ್ನು ಮನೆಯ ಅಥವಾ ವಾಹನದ ಕೂಗಳತೆಯಲ್ಲಿ ಕಳೆಯಲಿ. ನಡುರಾತ್ರಿ ಎದ್ದು ಒಳಬಂದರೆ ಅದು ಸೋಲಲ್ಲವೆಂದು ಹೊರಡುವ ಮೊದಲೇ ಹೇಳಿ ಕಳಿಸೋಣ. ಆ ರಾತ್ರಿ ಹುಡುಗ ಒಂದು ಗಂಟೆ ತಡವಾಗಿ ನಮ್ಮನ್ನು ಎಬ್ಬಿಸಿದ್ದು ಸಂಕೋಚದಿಂದ ಎಂದು ಆಮೇಲೆ ತಿಳಿಯಿತು. ಮರುವರ್ಷಗಳಲ್ಲಿ ಅವನು ಮತ್ತೆ ಬೆಟ್ಟಕ್ಕೆ ಹೋಗಿದ್ದಾನೆ, ಅದೇ ಜೋಲಿಯಲ್ಲಿ ಮಲಗಿದ್ದಾನೆ. ಜೋಲಿಯ ಕೆಳಗೆ ಈಗ ಒಂದು ಅಡಿಹೊದಿಕೆ ಇರುತ್ತದೆ. ಅದರ ಜೊತೆಗೆ, ಗದರಿದ ಆ ಹಿರಿಯರೇ ಹೊಲಿದುಕೊಟ್ಟ ಕೌದಿಯೂ ಅವನ ಚೀಲದಲ್ಲಿರುತ್ತದೆ.