ಚೀಟಿಯಿಲ್ಲದೆ ದೊರೆಯುವ ಔಷಧಗಳು: ಪಾಲಕರು ತಿಳಿದಿರಬೇಕಾದ ನಿಯಮಗಳು

ಮನೆಯಲ್ಲಿ ಕನ್ನಡ, ಔಷಧದಂಗಡಿಯಲ್ಲಿ ಮರಾಠಿ, ಪೊಟ್ಟಣದ ಮೇಲೆ ಇಂಗ್ಲಿಷ್. ಔರಾದ ಶಹಾಜನಿ, ನಿಲಂಗಾ, ಉಮರ್ಗಾ, ಉದಗೀರ ಭಾಗದ ನಮ್ಮ ಕುಟುಂಬಗಳ ಸ್ಥಿತಿಯಿದು. ಆದ್ದರಿಂದಲೇ ಅಜ್ಜಿಯ ಗುಳಿಗೆಯ ಖಾಲಿ ಪಟ್ಟಿ ಹಿಡಿದು ಅಂಗಡಿಗೆ ಹೋಗುವ ಕೆಲಸ ಹಲವು ಸಲ ಶಾಲೆಯ ಮಗುವಿನ ಪಾಲಿಗೆ ಬರುತ್ತದೆ. ಇಂಥ ಖರೀದಿಗೆ ಸಂಬಂಧಿಸಿದ ನಿಯಮಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಕಾನೂನು ಏನು ಹೇಳುತ್ತದೆ?

ಔಷಧ ಮಾರಾಟವು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ 1945ರ ನಿಯಮಗಳಿಗೆ ಒಳಪಟ್ಟಿದೆ. ಇದು ಕೇಂದ್ರದ ಕಾಯ್ದೆ. ಲಾತೂರ, ಧಾರಾಶಿವ ಜಿಲ್ಲೆಗಳಿಗೂ ಗಡಿಯಾಚೆಯ ಬೀದರಕ್ಕೂ ಒಂದೇ.

ಅನುಸೂಚಿ ಎಚ್, ಎಚ್-1 ಮತ್ತು ಎಕ್ಸ್‌ಗೆ ಸೇರಿದ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಚೀಟಿಯಲ್ಲಿ ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು, ವಿಳಾಸ, ಔಷಧದ ಪ್ರಮಾಣ ಇರಬೇಕು. ಖಾಲಿ ಪಟ್ಟಿ ಚೀಟಿಯಾಗದು. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್-1ರಲ್ಲಿ ಕೆಲವು ಪ್ರತಿಜೀವಕಗಳು, ನಿದ್ರೆಗುಳಿಗೆಗಳು, ಕೊಡೀನ್ ಮುಂತಾದವು ಸೇರಿವೆ. ಇವುಗಳ ಮಾರಾಟದ ವಿವರವನ್ನು ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಇವುಗಳ ಲೇಬಲಿನ ಎಚ್ಚರಿಕೆಗೆ ಕೆಂಪು ಚೌಕಟ್ಟು ಇರುತ್ತದೆ.

ಚೀಟಿ ಬೇಡವೆಂದರೆ ನಿಯಮವೇ ಇಲ್ಲವೆಂದಲ್ಲ

ಚೀಟಿಯಿಲ್ಲದೆ ಮಾರಬಹುದಾದ ಔಷಧಗಳ ಪ್ರತ್ಯೇಕ ವರ್ಗವನ್ನು ಈ ಕಾಯ್ದೆ ಹೆಸರಿಸಿಲ್ಲ. ಮೇಲಿನ ಅನುಸೂಚಿಗಳಲ್ಲಿ ಇಲ್ಲದವುಗಳನ್ನು ಚೀಟಿಯಿಲ್ಲದೆ ಕೊಡಬಹುದು. ಆದರೆ ಮಾರುವವರಿಗೆ ಪರವಾನಗಿ ಬೇಕು. ಅನುಸೂಚಿ ಜಿ ಔಷಧಗಳ ಮೇಲೆ, ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸೇವಿಸುವುದು ಅಪಾಯಕರ ಎಂಬರ್ಥದ ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತದೆ. ಅಲರ್ಜಿಯ ಕೆಲವು ಗುಳಿಗೆಗಳು ಈ ಬಗೆಯವು.

ಅನುಸೂಚಿ ಕೆ, ಸಾವಿರಕ್ಕೆ ಮೀರದ ಜನಸಂಖ್ಯೆಯ ಹಳ್ಳಿಗಳಲ್ಲಿ ಪ್ಯಾರಾಸಿಟಮಾಲ್, ನೋವಿನ ಮುಲಾಮು, ಬ್ಯಾಂಡೇಜ್‌ನಂಥ ಮನೆಮದ್ದುಗಳನ್ನು ತೆರೆಯದ ಪೊಟ್ಟಣದಲ್ಲಿ ಪರವಾನಗಿಯಿಲ್ಲದೆ ಮಾರಲು ಅವಕಾಶ ಕೊಡುತ್ತದೆ. ಔರಾದ ಶಹಾಜನಿಯಂಥ ದೊಡ್ಡ ಊರಿನ ಕಿರಾಣಿ ಅಂಗಡಿಗೆ ಈ ವಿನಾಯಿತಿ ಇಲ್ಲ.

ಮಕ್ಕಳ ವಿಷಯದಲ್ಲಿ

ಜ್ವರ, ನೋವಿಗೆ ಬಳಸುವ ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು 2011ರಲ್ಲಿಯೇ ನಿಷೇಧಿಸಲಾಗಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿದ ನೆಗಡಿ ಔಷಧವನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲಿನಲ್ಲಿ ಮುದ್ರಿಸಲು 2023ರ ಡಿಸೆಂಬರಿನಲ್ಲಿ ಆದೇಶವಾಯಿತು. ಮಧ್ಯಪ್ರದೇಶದ ಛಿಂದವಾಡಾದಲ್ಲಿ ಕಲುಷಿತ ಕೆಮ್ಮಿನ ಔಷಧ ಸೇವಿಸಿದ ಮಕ್ಕಳು ಮೃತಪಟ್ಟ ಬೆನ್ನಲ್ಲೇ, 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆಯು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಕೊಡಕೂಡದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ಸೂಚಿಸಿತು.

ಪಾಲಕರಲ್ಲಿ ನಮ್ಮ ವಿನಂತಿ

ಔಷಧ ತರಲು ಮಕ್ಕಳನ್ನು ಒಬ್ಬರೇ ಕಳುಹಿಸಬೇಡಿರಿ. ರೋಗಿಯ ವಯಸ್ಸನ್ನೂ ಈಗಾಗಲೇ ಸೇವಿಸುತ್ತಿರುವ ಔಷಧಗಳನ್ನೂ ಫಾರ್ಮಸಿಸ್ಟರಿಗೆ ತಿಳಿಸಿರಿ. ಪ್ರಮಾಣವನ್ನು ಅವರಿಂದ ಕೇಳಿ ಅಲ್ಲಿಯೇ ಕನ್ನಡದಲ್ಲಿ ಬರೆದುಕೊಳ್ಳಿರಿ. ಬಿಲ್ಲು ಪಡೆಯಿರಿ. ಬಿಡಿ ಗುಳಿಗೆ ಕೊಂಡಾಗ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ನೋಡಿ ಗುರುತಿಸಿಕೊಳ್ಳಿರಿ. ದೂರುಗಳಿದ್ದಲ್ಲಿ ಮಹಾರಾಷ್ಟ್ರದ ಅನ್ನ ಮತ್ತು ಔಷಧ ಆಡಳಿತದ ಶುಲ್ಕರಹಿತ ದೂರವಾಣಿ 1800222365ಕ್ಕೆ ತಿಳಿಸಬಹುದು. ಚೀಟಿ ಕೇಳಿದ ಅಂಗಡಿಯವರ ಮೇಲೆ ಸಿಟ್ಟಾಗುವುದು ಬೇಡ. ಅವರು ನಿಯಮವನ್ನು ಪಾಲಿಸುತ್ತಿದ್ದಾರೆ.